ಕತ್ತು ಬಗ್ಗಿಸದೆ ಹಲ್ಲು ಕೊರೆಯುವ ವಿದ್ಯೆ

ಬಿಡಿಎಸ್ ಎರಡನೇ ವರ್ಷದಲ್ಲಿ ಹೆಚ್ಚುಕಡಿಮೆ ಎಲ್ಲರೂ ಮಾಡುವ ಒಂದು ಕಳ್ಳತನವಿದೆ. ಮೇಷ್ಟ್ರು ಆ ಕಡೆ ತಿರುಗಿದ ತಕ್ಷಣ ಫ್ಯಾಂಟಮ್ ಹೆಡ್‌ನ ಬಾಯಿಂದ ದವಡೆ ಕಳಚಿ, ಎಡಗೈಯಲ್ಲಿ ಮಾವಿನ ಹೋಳಿನಂತೆ ಹಿಡಿದು, ಬೆಳಕಿಗೆ ಒಡ್ಡಿ, ಏರೋಟರ್‌ನಿಂದ ಸರಸರನೆ ಕ್ಯಾವಿಟಿ ಕೊರೆದು, ಮತ್ತೆ ಸ್ಕ್ರೂ ಬಿಗಿದು ಏನೂ ಆಗದವರಂತೆ ಕೂರುವುದು. ನಾನೂ ಮಾಡಿದ್ದೇನೆ. ಗೋಡೆ ನೇರವಾಗಿ ಬರುತ್ತದೆ, ಆಳ ಸರಿಯಿರುತ್ತದೆ, ರೆಕಾರ್ಡಿಗೆ ಸಹಿಯೂ ಬೀಳುತ್ತದೆ. ಈಗ ಅಂಥದೇ ಲ್ಯಾಬಿನಲ್ಲಿ ಸಹಿ ಹಾಕುವವರ ಕಡೆ ನಿಂತಾಗ ಒಂದು ವಿಷಯ ಹೊಳೆಯುತ್ತದೆ: ಬರೀ ಹಲ್ಲು ಕೊರೆಯುವುದನ್ನು ಕಲಿಸಲು ಆ ರಬ್ಬರ್ ಮುಖ ಬೇಕಾಗಿಯೇ ಇಲ್ಲ. ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಹಲ್ಲು ಸಾಕು. ಕೆನ್ನೆ, ತುಟಿ, ಹಿಂದೆ ಮುಂದೆ ವಾಲುವ ಕತ್ತು ಎಲ್ಲ ಇರುವ ಆ ಬೊಂಬೆಯನ್ನು ತಂದಿಟ್ಟಿರುವುದು ವಿದ್ಯಾರ್ಥಿಯ ಮೈಗೆ ಪಾಠ ಹೇಳಲು. ದವಡೆ ಕಳಚಿದವರು ಆ ಪಾಠವನ್ನೇ ಕಳಚಿಟ್ಟಿರುತ್ತಾರೆ. ಮೂರನೇ ವರ್ಷ ಪೋಸ್ಟಿಂಗ್ ಶುರುವಾದಾಗ ರೋಗಿಯ ದವಡೆ ಕಳಚಲು ಬರುವುದಿಲ್ಲ. ಆಗ ಕತ್ತು ತಾನಾಗಿ ಬಗ್ಗುತ್ತದೆ.

ನೋವು ವಯಸ್ಸಾದ ಡಾಕ್ಟರುಗಳಿಗೆ ಬರುವುದು ಎಂದು ಇಪ್ಪತ್ತರ ಹುಡುಗರು ಅಂದುಕೊಂಡಿರುತ್ತಾರೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ದಂತವೈದ್ಯಕೀಯ ವಿದ್ಯಾರ್ಥಿಗಳ ಬಗ್ಗೆ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 46ರಿಂದ 71ರಷ್ಟು ಮಂದಿ ಮೈಕೈ ನೋವು ಹೇಳಿಕೊಂಡಿದ್ದರು. ತರಗತಿ ಏರಿದಂತೆ ಆ ಪ್ರಮಾಣವೂ ಏರಿತ್ತು. ವೃತ್ತಿಯಲ್ಲಿ ಇರುವವರ ಮೇಲಿನ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2009ರ ವರದಿಯಲ್ಲಿ ಈ ಲೆಕ್ಕ ಶೇ. 64ರಿಂದ 93. ಅಂದರೆ ಬೀಜ ಬೀಳುವುದು ಕಾಲೇಜಿನಲ್ಲೇ.

ಬೀಳುವುದು ಹೇಗೆಂದರೆ, ನಮ್ಮ ತಲೆಯ ತೂಕ ಸುಮಾರು 5 ಕಿಲೋ. ನೆಟ್ಟಗಿದ್ದಾಗ ಆ ಭಾರವನ್ನು ಬೆನ್ನುಮೂಳೆ ಹೊರುತ್ತದೆ. ತಲೆ ಮುಂದಕ್ಕೆ ವಾಲಿದಂತೆ ಕತ್ತಿನ ಹಿಂಭಾಗದ ಸ್ನಾಯುಗಳು ಅದನ್ನು ಎಳೆದು ಹಿಡಿಯಬೇಕು. 2014ರ ಒಂದು ಕಂಪ್ಯೂಟರ್ ಲೆಕ್ಕಾಚಾರದ ಪ್ರಕಾರ 30 ಡಿಗ್ರಿ ಬಗ್ಗಿದರೆ ಕತ್ತಿನ ಮೇಲಿನ ಹೊರೆ 18 ಕಿಲೋ, 60 ಡಿಗ್ರಿ ಬಗ್ಗಿದರೆ 27 ಕಿಲೋ. ಅಂಗಡಿಯಿಂದ ತರುವ 25 ಕಿಲೋ ಅಕ್ಕಿ ಮೂಟೆಗಿಂತ ಜಾಸ್ತಿ. ಅದು ಲೆಕ್ಕಾಚಾರವೇ ಹೊರತು ಜೀವಂತ ಕತ್ತಿನಲ್ಲಿ ಅಳೆದದ್ದಲ್ಲ, ಆದರೂ ದಿಕ್ಕು ಸರಿಯಿದೆ. ಅದಕ್ಕಿಂತ ಮುಖ್ಯವಾದದ್ದು ಅಲುಗಾಡದಿರುವುದು. ನೀರಿನ ಕೊಡ ಹೊತ್ತು ಅರ್ಧ ಮೈಲಿ ನಡೆಯುವವರು, ಅದೇ ಕೊಡವನ್ನು ಕೈಯಲ್ಲಿ ಹಿಡಿದು ಐದು ನಿಮಿಷ ಕದಲದೆ ನಿಲ್ಲಲಾರರು. ನಡೆಯುವಾಗ ಸ್ನಾಯು ಬಿಗಿದು ಸಡಿಲಾಗಿ ರಕ್ತ ಆಡುತ್ತದೆ. ಹಿಡಿದು ನಿಂತಾಗ ಸ್ನಾಯು ತನ್ನ ರಕ್ತನಾಳಗಳನ್ನು ತಾನೇ ಹಿಸುಕಿಕೊಳ್ಳುತ್ತದೆ. ಒಂದು ರೂಟ್ ಕೆನಾಲ್ ಅಂದರೆ ಮುಕ್ಕಾಲು ಗಂಟೆ ಕೊಡ ಹಿಡಿದು ನಿಂತಂತೆ.

ಕುರ್ಚಿ ಬದಲಾಯಿತು, ನಾವು ಬದಲಾಗಲಿಲ್ಲ

1950ರ ದಶಕದವರೆಗೆ ಹಲ್ಲಿನ ಡಾಕ್ಟರು ನಿಂತು, ರೋಗಿ ಕೂತು ಕೆಲಸ ನಡೆಯುತ್ತಿತ್ತು. 1957ರಲ್ಲಿ ಜಾನ್ ಬೋರ್ಡನ್ ಗಾಳಿಯಿಂದ ತಿರುಗುವ ಹೈಸ್ಪೀಡ್ ಹ್ಯಾಂಡ್‌ಪೀಸನ್ನು ಮಾರುಕಟ್ಟೆಗೆ ತಂದರು. ಏರೋಟರ್ ಎನ್ನುವುದು ಅದರ ಬ್ರ್ಯಾಂಡ್ ಹೆಸರು. ವನಸ್ಪತಿಗೆಲ್ಲ ಡಾಲ್ಡಾ ಅಂದಂತೆ ನಮ್ಮಲ್ಲಿ ಇಂದಿಗೂ ಯಾವ ಕಂಪನಿಯದಾದರೂ ಅದು ಏರೋಟರ್ರೇ. ಮರುವರ್ಷವೇ ಅಮೆರಿಕದ ಜಾನ್ ನಾಟನ್ ಒರಗಿ ಮಲಗುವ ಕುರ್ಚಿ ಮಾಡಿದರು. 1964ರಲ್ಲಿ ಜಪಾನಿನಲ್ಲಿದ್ದ ಅಮೆರಿಕನ್ ದಂತವೈದ್ಯ ಡ್ಯಾರಿಲ್ ಬೀಚ್ ಅವರ ಕಲ್ಪನೆಯಂತೆ ಮೊರಿಟಾ ಕಂಪನಿ ಮಂಚದಂತೆ ಚಪ್ಪಟೆಯಾದ ಸ್ಪೇಸ್‌ಲೈನ್ ಕುರ್ಚಿ ತಂದಿತು. ಬೀಚ್ ಹಿಡಿದ ದಾರಿ ತಲೆಕೆಳಗು: ಮೊದಲು ಡಾಕ್ಟರು ಆರಾಮವಾಗಿ ಕೂತು, ಕಣ್ಣು ಮುಚ್ಚಿ, ಕೈ ಎಲ್ಲಿ ಸಹಜವಾಗಿ ಬಂದು ನಿಲ್ಲುತ್ತದೋ ನೋಡಬೇಕು. ರೋಗಿಯ ಬಾಯಿ ಅಲ್ಲಿಗೆ ಬರಬೇಕು.

ಈ ಲೇಖನದಲ್ಲಿ ನಾನು ಹೇಳಬೇಕಾದದ್ದೂ ಅದನ್ನೇ. "ಬೆನ್ನು ನೆಟ್ಟಗಿಟ್ಟುಕೋ" ಎಂದು ಯಾರಿಗೆ ಎಷ್ಟು ಸಲ ಹೇಳಿದರೂ ಉಪಯೋಗವಿಲ್ಲ. ಹಲ್ಲು ಕಾಣದಿದ್ದರೆ ಬೆನ್ನು ಬಗ್ಗಿಯೇ ಬಗ್ಗುತ್ತದೆ, ಅದು ಕಣ್ಣಿನ ಗುಲಾಮ. ಆದ್ದರಿಂದ ಬೆನ್ನಿನ ಜೊತೆ ಜಗಳವಾಡದೆ ಹಲ್ಲು ಕಾಣುವಂತೆ ಮಾಡಿಕೊಳ್ಳುವುದು ಜಾಣತನ.

ಸ್ಟೂಲಿನಿಂದ ಶುರು

ರೋಗಿ ಬಂದು ಕೂತ ಮೇಲೆ ಸ್ಟೂಲ್ ಎಳೆದುಕೊಂಡು ಹೊಂದಿಸಿಕೊಳ್ಳುವುದು ನಮ್ಮ ಅಭ್ಯಾಸ. ಮೊದಲು ಸ್ಟೂಲ್, ಆಮೇಲೆ ರೋಗಿ, ಆಮೇಲೆ ಲೈಟು, ಕೊನೆಗೆ ಮಿರರ್. ಈ ಅನುಕ್ರಮ ತಪ್ಪಿದರೆ ಮುಂದಿನದೆಲ್ಲ ಅಡ್ಜಸ್ಟ್‌ಮೆಂಟೇ.

ಸ್ಟೂಲಿನ ಹಿಂದಿನ ತುದಿವರೆಗೂ ಕೂರಿ. ತುದಿಯಲ್ಲಿ ಕೋಳಿಯಂತೆ ಕುಕ್ಕರಿಸಬೇಡಿ. ಪಾದ ಎರಡೂ ನೆಲಕ್ಕೆ ಊರಿರಲಿ, ತೊಡೆ ಮೊಣಕಾಲಿನ ಕಡೆಗೆ ತುಸು ಇಳಿಜಾರಾಗಿರಲಿ. ಸೊಂಟಕ್ಕಿಂತ ಮೊಣಕಾಲು ಮೇಲಿದ್ದರೆ ಸೊಂಟ ಹಿಂದಕ್ಕೆ ಮಗುಚಿ ಬೆನ್ನು ಗೂನಾಗುತ್ತದೆ. ಕುದುರೆ ಜೀನಿನ ಆಕಾರದ ಸ್ಯಾಡಲ್ ಸ್ಟೂಲಿನ ಗುಟ್ಟೂ ಇಷ್ಟೇ. ಕುಳ್ಳಗಿರುವವರ ಕಷ್ಟ ಬೇರೆ. ಸ್ಟೂಲ್ ಎಷ್ಟು ಇಳಿಸಿದರೂ ಕಾಲು ತೂಗಾಡುತ್ತಿರುತ್ತದೆ. ಹೆಣ್ಣುಮಕ್ಕಳು ಇದನ್ನು ಯಾರಿಗೂ ಹೇಳದೆ ಐದು ವರ್ಷ ಸಹಿಸಿಕೊಂಡು ಹೋಗುವುದನ್ನು ನೋಡಿದ್ದೇನೆ. ವಿಭಾಗದಲ್ಲಿ ಕಡಿಮೆ ಎತ್ತರದ ಸ್ಟೂಲ್ ಒಂದಾದರೂ ಎಲ್ಲೋ ಮೂಲೆಯಲ್ಲಿ ಇರುತ್ತದೆ, ಅಟೆಂಡರ್ ಅಣ್ಣನನ್ನು ಕೇಳಿ. ಫುಟ್ ಕಂಟ್ರೋಲನ್ನು ಪಾದದ ಹತ್ತಿರಕ್ಕೆ ಎಳೆದುಕೊಳ್ಳಿ. ಒಂದು ಕಾಲು ಚಾಚಿ ಪೆಡಲ್ ಒತ್ತುತ್ತಾ ಕೂತರೆ ಮೈಯ ಭಾರವೆಲ್ಲ ಒಂದೇ ಕಡೆಗೆ ಬೀಳುತ್ತದೆ. ಸಂಜೆ ಸೊಂಟದ ಒಂದೇ ಮಗ್ಗುಲು ಹಿಡಿದುಕೊಳ್ಳುವುದಕ್ಕೆ ಅದೂ ಒಂದು ಕಾರಣ.

ಈಗ ರೋಗಿ. ತೋಳು ಪಕ್ಕೆಗೆ ತಾಗಿ ಇಳಿಬಿದ್ದಿರುವಾಗ ನಿಮ್ಮ ಮೊಣಕೈ ಎಷ್ಟು ಎತ್ತರದಲ್ಲಿದೆಯೋ ರೋಗಿಯ ಬಾಯಿ ಅಷ್ಟೇ ಎತ್ತರಕ್ಕೆ, ಬೇಕಿದ್ದರೆ ಒಂದೆರಡು ಬೆರಳು ಮೇಲಕ್ಕೆ ಬರಲಿ. ಕಣ್ಣಿಗೂ ಬಾಯಿಗೂ 35ರಿಂದ 40 ಸೆಂಟಿಮೀಟರ್ ಅಂತರ. ಬಾಯಿ ತೀರಾ ಮೇಲಿದ್ದರೆ ಹೆಗಲು ಕಿವಿಯ ಹತ್ತಿರ ಬರುತ್ತದೆ, ಕೆಳಗಿದ್ದರೆ ಕತ್ತು ಹೋಗುತ್ತದೆ. ಕತ್ತು 20 ಡಿಗ್ರಿಯ ಆಸುಪಾಸಿನವರೆಗೆ ಬಗ್ಗಿದರೆ ಅಂಥ ತೊಂದರೆಯಿಲ್ಲ. ಮಿಕ್ಕದ್ದನ್ನು ಕಣ್ಣುಗುಡ್ಡೆ ಇಳಿಸಿ ನೋಡಿಕೊಳ್ಳಬೇಕು.

ಕೆಳದವಡೆಯಾದರೆ ಕುರ್ಚಿಯ ಬೆನ್ನನ್ನು ಸುಮಾರು 20 ಡಿಗ್ರಿ ಎಬ್ಬಿಸಿ, ಗದ್ದ ತುಸು ಎದೆಯ ಕಡೆಗೆ ತಂದರೆ ಹಲ್ಲಿನ ಸಾಲು ನೆಲಕ್ಕೆ ಸಮನಾಗುತ್ತದೆ. ಮೇಲ್ದವಡೆಗೆ ಉಲ್ಟಾ. ರೋಗಿ ಪೂರ್ತಿ ಅಂಗಾತ ಮಲಗಬೇಕು, ಗದ್ದ ಮೇಲೇರಬೇಕು, ಮೇಲಿನ ಹಲ್ಲಿನ ಸಾಲು ನೆಲಕ್ಕೆ ಗೋಡೆಯಂತೆ ನಿಲ್ಲಬೇಕು. ಬಲಗೈಯವರು ರೋಗಿಯ ತಲೆಯನ್ನು ಗಡಿಯಾರದ 12 ಎಂದುಕೊಂಡರೆ 8ರಿಂದ 12ರವರೆಗೆ ಎಲ್ಲಿ ಬೇಕಾದರೂ ಕೂರಬಹುದು. ಆದರೆ ವಿದ್ಯಾರ್ಥಿಗಳು 9ಕ್ಕೆ ಗೂಟ ಹೊಡೆದಂತೆ ಕೂತು, ಸೊಂಟದಿಂದ ಮೇಲೆ ಮಾತ್ರ ತಿರುಚಿಕೊಂಡು ಇಡೀ ಬಾಯಿ ಮುಗಿಸುತ್ತಾರೆ. ಸ್ಟೂಲಿಗೆ ಚಕ್ರ ಇಟ್ಟಿರುವುದು ಅಂದಕ್ಕಲ್ಲ. ಎಡಚರಿಗೆ ಇದೆಲ್ಲ ಕನ್ನಡಿಯೊಳಗಿನ ಬಿಂಬದಂತೆ: 12ರಿಂದ 4. ಬಲಗೈಯವರಿಗಾಗಿ ಜೋಡಿಸಿದ ಚೇರಿನಲ್ಲಿ ಮೈ ತಿರುಚಿ ಕೆಲಸ ಮಾಡುವ ಎಡಚ ಹುಡುಗರು ಮೊದಲ ಪೋಸ್ಟಿಂಗ್ ದಿನವೇ ಬಾಯಿಬಿಟ್ಟು ಹೇಳಬೇಕು. ಟ್ರೇ, ಸಕ್ಷನ್ ಆ ಕಡೆಗೆ ತಿರುಗುವ ಯೂನಿಟ್ ಇದ್ದರೆ ಅದನ್ನು ಕೊಡಿ ಎಂದು ಕೇಳುವುದರಲ್ಲಿ ನಾಚಿಕೆಯೇನಿಲ್ಲ.

ಒನ್ ಸೆವೆನ್

ಇದೆಲ್ಲದರ ನಿಜವಾದ ಪರೀಕ್ಷೆ ಮೇಲಿನ ಬಲಗಡೆಯ ಎರಡನೇ ದವಡೆಹಲ್ಲು. ನಮ್ಮ ಭಾಷೆಯಲ್ಲಿ ಒನ್ ಸೆವೆನ್. ಅದರ ಹಿಂಬದಿಯಲ್ಲಿ ಹುಳುಕು ಇದೆ ಎಂದುಕೊಳ್ಳಿ. ನೇರವಾಗಿ ನೋಡಬೇಕಾದರೆ ನೀವು ರೋಗಿಯ ಗಂಟಲಿನೊಳಗೆ ಕೂತು ಹಿಂತಿರುಗಿ ನೋಡಬೇಕು. ಅದಾಗದ್ದರಿಂದ ಹುಡುಗರು ಮೊದಲು ಕತ್ತು ಬಗ್ಗಿಸುತ್ತಾರೆ, ಆಮೇಲೆ ಎಡಕ್ಕೆ ವಾಲಿಸುತ್ತಾರೆ, ಆಮೇಲೆ ಬಲ ಮೊಣಕೈ ರೆಕ್ಕೆಯಂತೆ ಮೇಲೇಳುತ್ತದೆ, ಕೊನೆಗೆ ಎದ್ದೇ ನಿಲ್ಲುತ್ತಾರೆ. ಪಕ್ಕದಿಂದ ನೋಡಿದರೆ ಬಾವಿಯೊಳಗೆ ಬಿದ್ದ ಬಿಂದಿಗೆ ಹುಡುಕುತ್ತಿರುವಂತೆ ಕಾಣುತ್ತದೆ.

ಉಪಾಯ ಮಿರರ್ ಒಂದೇ. 11 ಅಥವಾ 12ರ ಜಾಗಕ್ಕೆ ಸರಿದು ಕೂತು, ಗದ್ದ ಮೇಲೆ ಮಾಡಿಸಿ, ಮುಖವನ್ನು ಬೇಕಾದಷ್ಟು ತಿರುಗಿಸಿ, ಮಿರರನ್ನು ಹಲ್ಲಿಗೆ ಅಂಟಿಸದೆ ಸ್ವಲ್ಪ ದೂರದಲ್ಲಿ ಹಿಡಿಯಿರಿ. ಹತ್ತಿರ ಹಿಡಿದರೆ ಏರೋಟರ್‌ನ ನೀರು ಅದರ ಮೇಲೇ ಬಿದ್ದು ಏನೂ ಕಾಣುವುದಿಲ್ಲ. ಉಸಿರಿನ ಹಬೆ ಕೂತರೆ ರೋಗಿಯ ಕೆನ್ನೆಯ ಒಳಮೈಗೆ ಒಮ್ಮೆ ಉಜ್ಜಿದರೆ ಸಾಕು. ಲೈಟು ನಿಮ್ಮ ತಲೆಯ ಪಕ್ಕದಿಂದ, ನಿಮ್ಮ ನೋಟದ ಗೆರೆಗೆ ಆದಷ್ಟು ಸಮಾನಾಂತರವಾಗಿ ಬಂದು ಮಿರರಿಗೆ ಬಡಿದು ಹಲ್ಲಿಗೆ ಹೋಗಬೇಕು. ಮಿರರಿನಲ್ಲಿ ನೋಡಿ ಕೊರೆಯುವುದು ಮೊದಲ ವಾರ ಬೈಕನ್ನು ಹಿಂದಕ್ಕೆ ಓಡಿಸಿದಂತೆ ಇರುತ್ತದೆ. ಮುಂದೆ ಅನ್ನುವುದು ಹಿಂದೆ ಹೋಗುತ್ತದೆ. ಇದಕ್ಕೆ ರೋಗಿ ಬೇಕಿಲ್ಲ, ಹಾಸ್ಟೆಲಿನಲ್ಲಿ ಕೂತು ಮಿರರಿನಲ್ಲಿ ಮಾತ್ರ ನೋಡುತ್ತಾ ಹಾಳೆಯ ಮೇಲೆ ಚೌಕ, ನಕ್ಷತ್ರ ಬರೆಯಿರಿ. ಕೈ ನಿಧಾನಕ್ಕೆ ಒಪ್ಪಿಕೊಳ್ಳುತ್ತದೆ. ಎರಡನೇ ವರ್ಷದಲ್ಲಿ ದವಡೆ ಕಳಚದೆ ಫ್ಯಾಂಟಮ್ ಹೆಡ್‌ನ ಸ್ಕ್ರೂ ಸಡಿಲಿಸಿ, ತಲೆಯನ್ನು ಹಿಂದಕ್ಕೆ ಮಲಗಿಸಿ ಒಂದು ಮೇಲ್ದವಡೆ ಹಲ್ಲನ್ನು ಹೀಗೆ ಮುಗಿಸಿದವರು ಗೆದ್ದಂತೆಯೇ. ಮೊದಲ ಪ್ರಯತ್ನದಲ್ಲಿ ಗೋಡೆ ಸೊಟ್ಟಗಾಗಿ ಅಂಕ ಹೋಗುತ್ತದೆ. ಹೋಗಲಿ. ಹಲ್ಲಿಗೆ ಅಂಕ ಕೊಡುವ ನಾವು ಕೂತ ಭಂಗಿಗೆ ಕೊಡುವುದಿಲ್ಲ, ಅದು ನಮ್ಮದೇ ತಪ್ಪು.

ಅಜ್ಜಿ ಮಲಗುವುದಿಲ್ಲ

ಪುಸ್ತಕದ ರೋಗಿ ಹೇಳಿದಂತೆ ಮಲಗುತ್ತಾನೆ. ಹಳ್ಳಿಯಿಂದ ಬಸ್ಸು ಹಿಡಿದು ಬಂದ ಅಜ್ಜಿ ಹಾಗಲ್ಲ.

"ಅಜ್ಜಿ, ಸ್ವಲ್ಪ ಹಿಂದಕ್ಕೆ ಒರಗಿಸ್ತೀನಿ, ಆಯ್ತಾ?"

"ಬ್ಯಾಡ ಮಗಾ, ನೀರು ಗಂಟ್ಲಿಗೆ ಹೊಯ್ತದೆ. ತಲೆ ಗಿರ್ರ್ ಅಂತದೆ."

ವಿದ್ಯಾರ್ಥಿನಿ ಅಲ್ಲಿಗೆ ಸುಮ್ಮನಾಗಿ, ನೆಟ್ಟಗೆ ಕೂತ ಅಜ್ಜಿಯ ಮೇಲೆ ತಾನೇ ಬಗ್ಗಿ ಒಂದು ಗಂಟೆ ಸ್ಕೇಲಿಂಗ್ ಮಾಡುತ್ತಾಳೆ. ಒಂದೇ ಸಲಕ್ಕೆ ಮಲಗಿಸದೆ ನಿಧಾನಕ್ಕೆ, ಹೇಳುತ್ತಾ ಹೇಳುತ್ತಾ ಕುರ್ಚಿ ಇಳಿಸಬೇಕು. "ನೀರು ಬಂದ ಹಂಗೆ ಎಳ್ಕೊಳ್ತೀನಿ, ಸಾಕು ಅನ್ನಿಸಿದ್ರೆ ಎಡಗೈ ಎತ್ತಿ" ಎಂದು ಸಕ್ಷನ್ ತೋರಿಸಿದರೆ ಅರ್ಧ ಹೆದರಿಕೆ ಹೋಗುತ್ತದೆ. ಬೆನ್ನು ಗೂನಾದವರಿಗೆ ತಲೆಯ ಕೆಳಗೆ ಮಡಿಸಿದ ಟವೆಲ್ ಬೇಕು. ನಿಜಕ್ಕೂ ಮಲಗಲಾಗದವರಿದ್ದಾರೆ: ಮಲಗಿದರೆ ಉಬ್ಬಸ ಬರುವ ಹೃದ್ರೋಗಿಗಳು, ದಿನ ತುಂಬುತ್ತಿರುವ ಗರ್ಭಿಣಿಯರು. ಅವರಿಗೆ ನೀವು ನಿಂತು ಕೆಲಸ ಮಾಡಿ, ಒಂದೇ ದಿನಕ್ಕೆ ಮುಗಿಸದೆ ಎರಡು ಭೇಟಿ ಮಾಡಿ.

ಹೊರರಾಜ್ಯಗಳಿಂದ ಬಂದು ಇಲ್ಲಿ ಓದುವ ಮಕ್ಕಳಿಗೆ ನಾನು ಹೇಳುವ ಮೊದಲ ಬೆನ್ನಿನ ವ್ಯಾಯಾಮ ಕನ್ನಡ. "ಗದ್ದ ಮೇಲೆ ಮಾಡಿ", "ನನ್ನ ಕಡೆ ತಿರುಗಿ", "ಆ ಕಡೆ ತಿರುಗಿ". ಮೂರು ವಾಕ್ಯ ಬಾರದ್ದಕ್ಕೆ ರೋಗಿಯ ತಲೆ ತಿರುಗಿಸುವ ಬದಲು ತಮ್ಮ ಸೊಂಟ ತಿರುಗಿಸಿಕೊಂಡವರು ಬೇಕಾದಷ್ಟು ಜನ. ಕನ್ನಡದ ಮಕ್ಕಳೂ ಕಮ್ಮಿಯಿಲ್ಲ, ದೊಡ್ಡವರಿಗೆ "ತಿರುಗಿ" ಅನ್ನಲು ಸಂಕೋಚ ಪಡುತ್ತಾರೆ.

ಹಲ್ಲು ಕೀಳುವಾಗ ಮಾತ್ರ ನಿಂತೇ ಕೆಲಸ. ಕೆಳಹಲ್ಲಿಗೆ ರೋಗಿಯ ಬಾಯಿ ನಿಮ್ಮ ಮೊಣಕೈಗಿಂತ ಕೆಳಗಿರಲಿ. ಕುರ್ಚಿ ಇಳಿಯದಿದ್ದರೆ ಮರದ ಹಲಗೆ ತಂದು ಅದರ ಮೇಲೆ ನಿಲ್ಲಿ. ಶಕ್ತಿ ಹೆಗಲಿನಿಂದ, ಮೈಯಿಂದ ಬರಬೇಕು, ಮಣಿಕಟ್ಟು ನೇರವಾಗಿರಬೇಕು.

ಕೈಗೆ ಬೇಕಾದದ್ದು

ಸ್ಕೇಲರ್, ಕ್ಯೂರೆಟ್‌ಗಳ ಹಿಡಿಕೆ ತೆಳುವಾಗಿದ್ದಷ್ಟೂ ಬೆರಳು ಹಿಸುಕುವ ಬಲ ಜಾಸ್ತಿ. ಪ್ರಯೋಗಗಳಲ್ಲಿ ಸ್ನಾಯುಗಳಿಗೆ ಅತಿ ಕಡಿಮೆ ಶ್ರಮ ಕೊಟ್ಟದ್ದು ಸುಮಾರು 10 ಮಿಲಿಮೀಟರ್ ದಪ್ಪ, 15 ಗ್ರಾಂ ತೂಕದ ಹಿಡಿಕೆ. ಮೊದಲ ವರ್ಷ ಸೆಟ್ ಕೊಳ್ಳುವಾಗ ಸೀನಿಯರ್ ಹೇಳಿದ ಅಂಗಡಿಗೆ ಹೋಗಿ ಕೈಗೆ ಸಿಕ್ಕಿದ್ದನ್ನು ತರುವ ಬದಲು ಹಿಡಿದು ನೋಡಿ ಕೊಳ್ಳಿ. ಮೊಂಡು ಉಪಕರಣ ಮಣಿಕಟ್ಟಿನ ಶತ್ರು, ಹರಿತ ಮಾಡಿಕೊಳ್ಳುವುದು ಕಲಿಯಿರಿ. ಬಿಗಿಯಾದ ಗ್ಲೌಸ್ ಹೆಬ್ಬೆರಳಿನ ಬುಡವನ್ನು ದಿನವಿಡೀ ಎಳೆಯುತ್ತಲೇ ಇರುತ್ತದೆ. ಮೀಡಿಯಂ ಡಬ್ಬಿಯೊಂದೇ ಇದೆ ಎಂದು ಅದರಲ್ಲೇ ಕೈ ತುರುಕಬೇಡಿ. ಬೆರಳಿಗೆ ಆಸರೆಯಿಲ್ಲದೆ ಗಾಳಿಯಲ್ಲಿ ಕೆಲಸ ಮಾಡುವುದಂತೂ ಬೇಡವೇ ಬೇಡ. ಪಕ್ಕದ ಹಲ್ಲಿನ ಮೇಲೆ ಉಂಗುರ ಬೆರಳು ಊರಿದರೆ ಹೆಗಲು ಸಡಿಲಾಗುತ್ತದೆ.

ಲೂಪ್ಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಒಳ್ಳೆಯದೇ, ಆದರೆ ದುಬಾರಿ. ಅದರ ದೂರ ನಿಮ್ಮ ಮೈಯ ಅಳತೆಗೆ ಹೊಂದಬೇಕು, ಮಸೂರ ಸಾಕಷ್ಟು ಕೆಳಮುಖವಾಗಿರಬೇಕು. ಹೊಂದದ ಲೂಪ್ಸ್ ಹಾಕಿದರೆ ಕತ್ತು ತಪ್ಪಾದ ಕೋನದಲ್ಲೇ ಸೆರೆಯಾಗುತ್ತದೆ, ಮೊದಲಿಗಿಂತ ಕಷ್ಟ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು, ಇಲ್ಲವೇ ಸೀನಿಯರ್ ಮಾರುತ್ತಿದ್ದಾರೆಂದು ತರಬೇಡಿ.

ಆಲ್ಜಿನೇಟ್ ಗಟ್ಟಿಯಾಗುವವರೆಗೆ

ಅರ್ಧ ಗಂಟೆಗೊಮ್ಮೆ ಎದ್ದು ಅಡ್ಡಾಡಿ ಎಂದು ಎಲ್ಲ ಕಡೆ ಬರೆದಿರುತ್ತದೆ. ಒಂದು ಗಂಟೆಯೊಳಗೆ ಕೇಸ್ ಮುಗಿಸಿ ಕೋಟಾಕ್ಕೆ ಸಹಿ ಹಾಕಿಸಬೇಕಾದವರಿಗೆ ಇದು ಹೇಳಿದಷ್ಟು ಸುಲಭವಲ್ಲ. ಆದರೆ ನಮ್ಮ ಕೆಲಸದಲ್ಲೇ ಬಿಡುವು ಅಡಗಿದೆ. ಬ್ಲಾಕ್ ಕೊಟ್ಟ ಮೇಲೆ ತುಟಿ ದಪ್ಪವಾಗಲು ಮೂರರಿಂದ ಐದು ನಿಮಿಷ. ರೋಗಿಯ ಪಕ್ಕದಲ್ಲೇ ಎದ್ದು ನಿಂತು, ಸೊಂಟವನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿ. ಆಲ್ಜಿನೇಟ್ ಗಟ್ಟಿಯಾಗುವ ಎರಡು ಮೂರು ನಿಮಿಷ ಒಂದು ಕೈಯಲ್ಲಿ ಟ್ರೇ ಹಿಡಿದಿರುವಾಗ ಇನ್ನೊಂದು ಹೆಗಲನ್ನು ಹಿಂದಕ್ಕೆ ಸುತ್ತಿಸಿ, ಗದ್ದವನ್ನು ನೇರವಾಗಿ ಹಿಂದಕ್ಕೆ ತಳ್ಳಿ ಐದು ಎಣಿಸಿ. ಕಾಂಪೊಸಿಟ್‌ನ ಒಂದು ಪದರಕ್ಕೆ ಲೈಟ್ ಹಿಡಿಯುವ 20 ಸೆಕೆಂಡಿನಲ್ಲಿ ಕಣ್ಣನ್ನು ಕಿತ್ತಳೆ ಗುರಾಣಿಯಿಂದ ಎತ್ತಿ ದೂರದ ಕಿಟಕಿ ನೋಡಿ, ಲೈಟಿನ ತುದಿ ಜಾರದಂತೆ ಕೈ ಮಾತ್ರ ಸ್ಥಿರವಾಗಿರಲಿ. ಒಂದು ದಿಕ್ಕಿಗೆ ಬಗ್ಗಿದ ಮೈಯನ್ನು ಅದರ ವಿರುದ್ಧ ದಿಕ್ಕಿಗೆ ಕರೆದೊಯ್ಯುವುದಷ್ಟೇ ಸೂತ್ರ. ಗ್ಲೌಸ್ ಹಾಕಿದ ಕೈ ಮೈಗೆ, ಕೂದಲಿಗೆ ತಾಗದಿರಲಿ.

ಜಿಮ್‌ಗೆ ಹೋಗುವವರಿಗೆ ಒಂದು ಮಾತು. ಭಾರ ಹಿಡಿದು ಹೆಗಲು ಕುಣಿಸುವ ವ್ಯಾಯಾಮ ನಮ್ಮವರಿಗೆ ಬೇಡ, ದಿನವಿಡೀ ಬಿಗಿದಿರುವ ಸ್ನಾಯುವನ್ನೇ ಮತ್ತೆ ಬಿಗಿದಂತಾಗುತ್ತದೆ. ರಬ್ಬರ್ ಬ್ಯಾಂಡನ್ನು ಕಿಟಕಿ ಸರಳಿಗೆ ಕಟ್ಟಿ, ಮೊಣಕೈ ಹಿಂದಕ್ಕೆ ಎಳೆಯುತ್ತಾ ಹೆಗಲಹಲಗೆಗಳನ್ನು ಒಂದಕ್ಕೊಂದು ತರುವುದು ಒಳ್ಳೆಯದು. ಭುಜಂಗಾಸನವೂ ಆಗಬಹುದು.

ಇನ್ನೊಂದು ಉಪಾಯ ಜೋಡಿ. ನಮ್ಮ ಬಹಳಷ್ಟು ಕಾಲೇಜುಗಳಲ್ಲಿ ವಿದ್ಯಾರ್ಥಿಗೆ ಸಹಾಯಕರಿಲ್ಲ. ಅವನೇ ಸಕ್ಷನ್, ಅವನೇ ಮಿರರ್, ಅವನೇ ಹತ್ತಿ. ಬ್ಯಾಚ್‌ಮೇಟ್ ಒಬ್ಬರ ಜೊತೆ ಒಪ್ಪಂದ ಮಾಡಿಕೊಳ್ಳಿ: ನಿನ್ನ ಕೇಸಿಗೆ ನಾನು ಸಕ್ಷನ್, ನನ್ನದಕ್ಕೆ ನೀನು. ಸಂಖ್ಯೆ ಕಮ್ಮಿಯಾಗುತ್ತದೆ ಅನ್ನುವ ಭಯ ಸುಳ್ಳು. ಎರಡನೇ ಜೋಡಿ ಕೈ ಬಂದರೆ ಕೇಸ್ ಬೇಗ ಮುಗಿಯುತ್ತದೆ.

ಸ್ಪ್ರೇ ಸಾಲದಾದಾಗ

ಕತ್ತು ಹಿಡಿದುಕೊಂಡರೆ ಎರಡು ದಿನದಲ್ಲಿ ಬಿಡುತ್ತದೆ. ಎರಡು ವಾರವಾದರೂ ಬಿಡದಿದ್ದರೆ ಫಿಸಿಯೋಥೆರಪಿಸ್ಟ್ ಬಳಿ ಹೋಗಿ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ಮೆಂದು ಎಚ್ಚರವಾಗಿ ಕೈ ಕೊಡವುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಕಿರುಬೆರಳು ಮರಗಟ್ಟಿದರೆ ಮೊಣಕೈ ಕಡೆ ನೋಡಬೇಕು. ಹೆಬ್ಬೆರಳ ಬುಡದಲ್ಲಿ, ಮಣಿಕಟ್ಟಿನ ಅಂಚಿಗೆ ಮುಟ್ಟಿದರೆ ನೋವು ಅಂದರೆ ಸ್ನಾಯುರಜ್ಜು ಊದಿಕೊಂಡಿರುವ ಸಾಧ್ಯತೆಯಿದೆ. ಕೈಯಿಂದ ಉಪಕರಣ ಜಾರುವಷ್ಟು ಬಲ ಕಮ್ಮಿಯಾದರೆ, ನೋವು ಕಾಲಿಗಿಳಿದು ಪಾದ ಎತ್ತಲಾಗದಿದ್ದರೆ ಅಂದೇ ಮೂಳೆ ಅಥವಾ ನರರೋಗ ವಿಭಾಗಕ್ಕೆ ಹೋಗಿ. ಮೂತ್ರದ ಮೇಲೆ ಹಿಡಿತ ತಪ್ಪಿದರೆ ನೇರ ಎಮರ್ಜೆನ್ಸಿಗೆ.

ಔಷಧದ ಹೆಸರು ಬಾಯಿಪಾಠ ಇರುವುದೇ ನಮ್ಮ ಮಕ್ಕಳ ದೊಡ್ಡ ಅಪಾಯ. ಡೈಕ್ಲೋಫೆನಾಕ್ ನುಂಗಿ ಪೋಸ್ಟಿಂಗಿಗೆ ಬರುವವರನ್ನು ನೋಡಿದ್ದೇನೆ. ಹೊಟ್ಟೆ ಕೆಡುತ್ತದೆ, ಮೂತ್ರಪಿಂಡ ಕೆಡುತ್ತದೆ, ಕೂರುವ ಭಂಗಿ ಹಾಗೇ ಇರುತ್ತದೆ. ಕ್ಷೌರದಂಗಡಿಯಲ್ಲಿ ಕತ್ತನ್ನು ಲಟಕ್ ಅನ್ನಿಸಿಕೊಳ್ಳುವ ಸುಖ ಇನ್ನೂ ಅಪಾಯ, ಮೆದುಳಿಗೆ ಹೋಗುವ ರಕ್ತನಾಳ ಸೀಳಿ ಪಾರ್ಶ್ವವಾಯು ಆಗಬಹುದು.

ನಾಳೆ ಮಾಡಬಹುದಾದದ್ದು ಇಷ್ಟು. ಕೇಸ್ ಶುರುವಾಗಿ ಇಪ್ಪತ್ತು ನಿಮಿಷವಾದ ಮೇಲೆ, ನಿಮಗೆ ಗೊತ್ತಾಗದಂತೆ ಪಕ್ಕದಿಂದ ಒಂದು ಫೋಟೋ ತೆಗೆಯಲು ಗೆಳತಿಗೋ ಗೆಳೆಯನಿಗೋ ಹೇಳಿಡಿ. ರೋಗಿಯ ಮುಖ ಬರದಂತೆ, ಅವರಿಗೆ ಹೇಳಿ, ವಿಭಾಗದ ಒಪ್ಪಿಗೆ ಪಡೆದು. ಮುಖ ಬರದಂತೆ ಎಚ್ಚರ ವಹಿಸುವ ಅಗತ್ಯ ಮೊದಲ ಫೋಟೋದಲ್ಲಿ ಬೀಳುವುದಿಲ್ಲ, ನಿಮ್ಮ ತಲೆಯೇ ಅದನ್ನು ಪೂರ್ತಿ ಮುಚ್ಚಿರುತ್ತದೆ.